ಬಾಡಿಗೆ ಮನೆಯ ಬಾವಿ: ಕೆಂಪು ನೀರಿನ ಹಿಂದೆ ಇದ್ದ ಇನ್ನೊಂದು ದೋಷ

ಕಾಳುಮೆಣಸಿನ ಸಸಿ ಮಾಡಲಿಕ್ಕೆಂದು ಪುತ್ತೂರು ತಾಲೂಕಿನ ಹಳ್ಳಿಯೊಂದರಲ್ಲಿ ನಾವು ಮನೆ ಬಾಡಿಗೆಗೆ ಹಿಡಿದದ್ದು ಕಳೆದ ವರ್ಷ ಮೇ ತಿಂಗಳಲ್ಲಿ. ಹೆಂಚಿನ ಮನೆ, ಎದುರಿಗೆ ಹದಿನೈದು ಸೆಂಟ್ಸ್ ಜಾಗ, ಪಕ್ಕದಲ್ಲೇ ಯಜಮಾನರ ಮನೆ. ಎರಡು ಮನೆಗೂ ಸೇರಿ ಒಂದೇ ಬಾವಿ. ಮೇ ಕೊನೆಯಲ್ಲೂ ಅದರಲ್ಲಿ ನಾಲ್ಕಡಿ ನೀರಿತ್ತು. ನರ್ಸರಿ ಮಾಡುವವನಿಗೆ ಅಷ್ಟು ಕಂಡರೆ ಸಾಕು, ಬೇರೆ ಪ್ರಶ್ನೆ ಕೇಳದೆ ಅಡ್ವಾನ್ಸ್ ಕೊಟ್ಟೆ. ನೀರು ಎಷ್ಟು ಉಂಟು ಎಂದು ನೋಡಿದೆ, ಎಂಥ ನೀರು ಎಂದು ನೋಡಲಿಲ್ಲ.

ಬಂದ ವಾರದಲ್ಲೇ ನೀರು ತನ್ನ ಬಣ್ಣ ತೋರಿಸಿತು. ಸೇದಿದಾಗ ತಿಳಿಯಾಗಿ ಇರುತ್ತದೆ, ಬಕೆಟಿನಲ್ಲಿ ಎರಡು ಗಂಟೆ ಬಿಟ್ಟರೆ ಹಳದಿ. ಮರುದಿನ ಬೆಳಗ್ಗೆ ತಳದಲ್ಲಿ ಕೆಂಪು ಗಸಿ. ಮಗನ ಬಿಳಿ ಯೂನಿಫಾರಂ ಎರಡೇ ಒಗೆತಕ್ಕೆ ಅಡಿಕೆ ತಿಂದವರ ಹಲ್ಲಿನ ಹಾಗಾಯಿತು. ಚಹಾಕ್ಕೆ ಒಂದು ನಮೂನೆಯ ಕಪ್ಪು. ಹನಿ ನೀರಾವರಿಯ ಪೈಪಿನ ತೂತುಗಳಲ್ಲಿ ಕೆಂಪು ಲೋಳೆ ಕಟ್ಟಿಕೊಳ್ಳುತ್ತಿತ್ತು.

ಯಜಮಾನರಲ್ಲಿ ಹೇಳಿದೆ. ಅವರು ನಕ್ಕರು. "ಇದು ಮುರಕಲ್ಲಿನ ಊರಲ್ವಾ ಮಾರಾಯ್ರೆ, ಬಾವಿ ನೀರು ಸ್ವಲ್ಪ ಕೆಂಪು ಇರ್ತದೆ. ನಮ್ಮ ಅಮ್ಮ ಐವತ್ತು ವರ್ಷದಿಂದ ಇದನ್ನೇ ಕುಡಿಯುದು. ಎಂತ ಆಗಿದೆ ಅವರಿಗೆ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೆಂಪಿನ ಮಟ್ಟಿಗೆ ಅದು ಸರಿಯೇ. ಆದರೆ ನಮ್ಮೆಲ್ಲರ ಕಣ್ಣು ಆ ಕೆಂಪಿನ ಮೇಲೆಯೇ ಇದ್ದದ್ದರಿಂದ ಅದೇ ಬಾವಿಯಲ್ಲಿದ್ದ ಬಣ್ಣವಿಲ್ಲದ ದೋಷ ಎರಡು ತಿಂಗಳು ನಮಗೆ ಕಾಣಲಿಲ್ಲ.

ಕೆಂಪು ಎಂದರೆ ಏನು

ಕರಾವಳಿಯ ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಅಲ್ಲಿನ ಬಾವಿ ನೀರು ಹೆಚ್ಚಾಗಿ ಸ್ವಲ್ಪ ಹುಳಿ ಗುಣದ್ದು, ಅಂದರೆ ಪಿಹೆಚ್ 7ಕ್ಕಿಂತ ಕಡಿಮೆ. ಗಾಳಿ ತಾಗದ ಜಾಗದಲ್ಲಿ, ಹುಳಿ ನೀರಿನಲ್ಲಿ ಕಬ್ಬಿಣ ಕರಗಿ ಕಣ್ಣಿಗೆ ಕಾಣದ ಹಾಗಿರುತ್ತದೆ. ಮೇಲೆ ಬಂದು ಗಾಳಿ ತಾಗಿದ ಮೇಲೆ ತುಕ್ಕಾಗಿ ತಳಕ್ಕೆ ಕೂರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆ, ಪಾತ್ರೆಗಳ ಮೇಲೆ ಕಲೆ ಶುರು.

ಕಬ್ಬಿಣ ಇದೆಯೋ ಇಲ್ಲವೋ ಎಂದು ತಿಳಿಯಲು ಮನೆಯಲ್ಲೇ ಒಂದು ಉಪಾಯ ಇದೆ. ಹಾಲು ಹಾಕದ ಕಡು ಚಹಾದ ಡಿಕಾಕ್ಷನ್ನಿಗೆ ಬಾವಿ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಶಾಯಿಯ ಹಾಗೆ ಕಪ್ಪು ತಿರುಗಿದರೆ ಕಬ್ಬಿಣ ಇದೆ. ಚಹಾದ ಒಗರೂ ಕಬ್ಬಿಣವೂ ಸೇರಿ ಆಗುವ ಬಣ್ಣ ಅದು. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ.

ಇನ್ನು ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪದರ ಕಂಡರೆ ಪಂಪಿನ ಆಯಿಲ್ ಬಿತ್ತೋ ಎಂದು ಗಾಬರಿಯಾಗಬೇಡಿ. ಕಡ್ಡಿಯಿಂದ ಅದನ್ನು ಒಡೆದು ನೋಡಿ. ಗಾಜಿನ ಚೂರಿನ ಹಾಗೆ ಬಿರಿದು ಬೇರೆ ಬೇರೆಯಾಗಿಯೇ ಉಳಿದರೆ ಅದು ಕಬ್ಬಿಣ, ಕಬ್ಬಿಣ ತಿಂದು ಬದುಕುವ ಸೂಕ್ಷ್ಮಜೀವಿಗಳ ಕೆಲಸ. ಎಣ್ಣೆಯಾದರೆ ಮತ್ತೆ ಹರಿದು ಒಂದಾಗುತ್ತದೆ.

ಇದೆಲ್ಲ ಉಪದ್ರವದ ವಿಷಯವೇ, ರುಚಿ ಕೆಡುತ್ತದೆ, ಪೈಪು ಕಟ್ಟುತ್ತದೆ. ಆದರೆ ನಮ್ಮ ಬಾವಿಯಲ್ಲಿ ಇದ್ದಷ್ಟು ಕಬ್ಬಿಣದಿಂದ ಮಗು ಆಸ್ಪತ್ರೆ ಸೇರುವುದಿಲ್ಲ.

ಫಿಲ್ಟರ್ ಮಾರಲು ಬಂದ ಹುಡುಗ

ಜೂನ್ ಮೊದಲ ವಾರ ಫಿಲ್ಟರ್ ಕಂಪನಿಯೊಂದರ ಹುಡುಗ ಬಂದ. ಯಾರು ಹೇಳಿದ್ದರೋ ಗೊತ್ತಿಲ್ಲ, ಹೊಸಬರು ಬಂದಿದ್ದಾರೆ ಎಂಬ ಸುದ್ದಿ ಹಳ್ಳಿಯಲ್ಲಿ ಬೇಗ ಹರಡುತ್ತದೆ. ಒಂದು ಲೋಟದಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನ ಬಾಟಲಿಯ ಆರ್‌ಒ ನೀರು. ಎರಡಕ್ಕೂ ಕರೆಂಟಿನ ಕಡ್ಡಿಗಳನ್ನು ಇಳಿಸಿದ. ನಮ್ಮ ನೀರು ಎರಡು ನಿಮಿಷದಲ್ಲಿ ಕಂದು ರಾಡಿಯಾಯಿತು, ಅವನದು ತಿಳಿಯಾಗಿಯೇ ಉಳಿಯಿತು. "ನೋಡಿ ಸಾರ್, ಇದನ್ನು ಮಗು ಕುಡೀತಾ ಇದೆ" ಎಂದ. ಮನೆಯವಳ ಮುಖ ಸಣ್ಣಗಾಯಿತು.

ನಾನು ಅಡುಗೆ ಕೋಣೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಶುದ್ಧ ನೀರಿಗೆ ಹಾಕಿ, "ಇನ್ನೊಮ್ಮೆ ಇಳಿಸಿ" ಎಂದೆ. ಅದೂ ರಾಡಿಯಾಯಿತು. ಆ ರಾಡಿಯ ಹೆಚ್ಚುಪಾಲು ಬರುವುದು ಕಡ್ಡಿಯಿಂದ. ಕಬ್ಬಿಣದ ಕಡ್ಡಿಗೆ ಕರೆಂಟು ಹರಿದರೆ ಅದು ಕರಗುತ್ತದೆ. ಉಪ್ಪಿನಂಶ ಇದ್ದ ನೀರಿನಲ್ಲಿ ಕರೆಂಟು ಹರಿಯುತ್ತದೆ, ಆರ್‌ಒ ನೀರಿನಲ್ಲಿ ಹರಿಯುವುದು ಬಹಳ ಕಡಿಮೆ. ಅಷ್ಟೇ ಅದರ ಗುಟ್ಟು. ಊರೂರಲ್ಲಿ ಈ ಆಟ ನಡೆಯುತ್ತದೆ, ನಿಮ್ಮ ಮನೆಗೂ ಬಂದಾರು, ಉಪ್ಪಿನ ಡಬ್ಬಿ ಹತ್ತಿರ ಇಟ್ಟುಕೊಳ್ಳಿ.

ಅವನದೇ ಮೀಟರಿನಲ್ಲಿ ನಮ್ಮ ನೀರಿನ ಟಿಡಿಎಸ್ 70 ತೋರಿಸಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 500ರ ತನಕ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ. ಆರ್‌ಒ ಇರುವುದು ಕರಗಿದ ಲವಣ ತೆಗೆಯಲಿಕ್ಕೆ. 70 ಇರುವ ನೀರಿಗೆ ಆರ್‌ಒ ಹಾಕುವುದೆಂದರೆ ಬೋಳು ತಲೆಗೆ ಬಾಚಣಿಗೆ ಕೊಂಡ ಹಾಗೆ. ಅದರ ಮೇಲೆ ಮನೆಯ ಆರ್‌ಒ ಯಂತ್ರ ಒಳಗೆ ಹೋದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗೆ ಚೆಲ್ಲುತ್ತದೆ. ಹುಡುಗನನ್ನು ಚಹಾ ಕೊಟ್ಟು ಕಳಿಸಿದೆವು.

ಆ ದಿನ ನಾನು ದೊಡ್ಡ ಬುದ್ಧಿವಂತನೆಂದು ಬೀಗಿದ್ದೆ. ಆದರೆ ನಾನೂ ನೀರನ್ನು ಪರೀಕ್ಷೆಗೆ ಕೊಟ್ಟಿರಲಿಲ್ಲ.

ಆಟಿಯಲ್ಲಿ ಬಿದ್ದ ಪೆಟ್ಟು

ಜೂನ್ ಕೊನೆಗೆ ಮಗನಿಗೆ ವಾಂತಿ ಭೇದಿ. ನಾಲ್ಕು ವರ್ಷದ ಮಗು. ಓಆರ್‌ಎಸ್ ಕೊಟ್ಟು ಮೂರು ದಿನದಲ್ಲಿ ಸುಧಾರಿಸಿತು. ಹೊರಗೆ ಏನೋ ತಿಂದಿರಬೇಕು ಎಂದುಕೊಂಡೆವು. ಅಂದಿನಿಂದ ನೀರು ಕುದಿಸಿಯೇ ಕುಡಿಯಲು ಶುರು ಮಾಡಿದೆವು. ಜುಲೈ ಮೂರನೇ ವಾರ ಮತ್ತೆ ಅದೇ. ಈ ಸಲ ಪುತ್ತೂರಿನಲ್ಲಿ ಎರಡು ರಾತ್ರಿ ಡ್ರಿಪ್ಪು. ಡಾಕ್ಟರು ಕೇಳಿದ ಮೊದಲ ಮಾತು, "ನೀರು ಎಲ್ಲಿಯದು?"

ಕುದಿಸಿಯೇ ಕುಡಿಯುತ್ತೇವಲ್ಲ ಎಂದು ನಾವು ವಾದಿಸಿದೆವು. ಮನೆಗೆ ಬಂದು ಕೂತು ಲೆಕ್ಕ ಹಾಕಿದಾಗ ತಪ್ಪು ಗೊತ್ತಾಯಿತು. ಕುಡಿಯುವ ನೀರು ಕುದಿಸಿದ್ದು ನಿಜ, ಮಜ್ಜಿಗೆಗೆ ಬೆರೆಸಿದ್ದು ಬಾವಿಯ ತಣ್ಣೀರು. ಮಗನಿಗೆ ಊಟಕ್ಕೆ ಮಜ್ಜಿಗೆ ಆಗಲೇಬೇಕು. ಬಿಸಿ ನೀರು ಕುಡಿಯಲು ಹಟ ಮಾಡಿದಾಗ ಒಂದು ಸೌಟು ತಣ್ಣೀರು ಸೇರಿಸಿ ಬೆಚ್ಚಗೆ ಮಾಡಿ ಕೊಡುತ್ತಿದ್ದೆವು. ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸುವುದೂ ಅದರಲ್ಲೇ. ನೀರು ಕುದಿಸುವ ಹೆಚ್ಚಿನ ಮನೆಗಳಲ್ಲಿ ಈ ಕಿಂಡಿಗಳು ತೆರೆದೇ ಇರುತ್ತವೆ, ನಿಮ್ಮಲ್ಲಿಯೂ ಒಮ್ಮೆ ನೋಡಿಕೊಳ್ಳಿ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ, ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಿರಿ. ಮಜ್ಜಿಗೆ, ಪಾನಕ, ಚಟ್ನಿ ಎಲ್ಲದಕ್ಕೂ ಅದೇ ನೀರು.

ಪರೀಕ್ಷೆ ಮಾಡಿಸಿದ್ದು

ಆಸ್ಪತ್ರೆಯಿಂದ ಬಂದ ಮರುದಿನ ಗ್ರಾಮ ಪಂಚಾಯಿತಿಗೆ ಹೋದೆ. ಜಲ ಜೀವನ್ ಮಿಷನ್ ಬಂದ ಮೇಲೆ ಹಳ್ಳಿಗಳಲ್ಲಿ ಮಹಿಳೆಯರಿಗೆ ತರಬೇತಿ ಕೊಟ್ಟು ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ನಮ್ಮಲ್ಲಿ ಸ್ವಸಹಾಯ ಸಂಘದ ಒಬ್ಬ ಅಕ್ಕ ಆ ಕೆಲಸ ಮಾಡುತ್ತಾರೆ. ಅವರು ಮನೆಗೇ ಬಂದರು. ಅರ್ಧ ಗಂಟೆಯಲ್ಲಿ ಪಿಹೆಚ್ ಸುಮಾರು 6, ಕಬ್ಬಿಣ ಮಿತಿಗಿಂತ ಹೆಚ್ಚು, ನೈಟ್ರೇಟ್ ಮಿತಿಯೊಳಗೆ ಎಂದು ಹೇಳಿದರು. ಕೊನೆಗೆ ಒಂದು ಸಣ್ಣ ಬಾಟಲಿಗೆ ಗುರುತಿನ ತನಕ ನೀರು ತುಂಬಿಸಿ ಕೊಟ್ಟು, "ಇದನ್ನು ನಾಡಿದ್ದು ನೋಡಿ ಆಯ್ತಾ, ಕಪ್ಪಾದರೆ ಫೋನ್ ಮಾಡಿ" ಎಂದರು.

ಅದಕ್ಕೆ ಎಚ್‌2ಎಸ್ ಬಾಟಲಿ ಎನ್ನುತ್ತಾರೆ. ಮಲದ ಮೂಲಕ ಬರುವ ಬ್ಯಾಕ್ಟೀರಿಯಾ ಇದ್ದರೆ 24ರಿಂದ 48 ಗಂಟೆಯೊಳಗೆ ನೀರು ಕಪ್ಪಾಗುತ್ತದೆ. ನಮ್ಮದು ಮರುದಿನ ಬೆಳಗ್ಗೆಯೇ ಕಾಡಿಗೆಯ ಹಾಗಾಗಿತ್ತು. ನೀರು ಮಾತ್ರ ಸೇದಿದಾಗ ಎಂದಿನಂತೆ ತಿಳಿ, ವಾಸನೆ ಇಲ್ಲ.

ಈ ಬಾಟಲಿಯ ಪರೀಕ್ಷೆ ಒಂದು ಸೂಚನೆ ಮಾತ್ರ. ಹಾಗಾಗಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೂ ಕೊಟ್ಟೆವು. ಸ್ಯಾಂಪಲ್ ತೆಗೆಯುವುದರಲ್ಲಿ ಎಚ್ಚರ ಬೇಕು. ರಾಸಾಯನಿಕ ಪರೀಕ್ಷೆಗೆ ಶುಚಿಯಾದ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿಸಿದರೆ ಆಯಿತು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಬಾಯಿಗೆ ಬೆರಳು ತಾಗಿಸಬಾರದು, ಐಸ್ ಇಟ್ಟ ಡಬ್ಬಿಯಲ್ಲಿ ಸಾಧ್ಯವಾದರೆ ಆರು ಗಂಟೆಯೊಳಗೆ ತಲುಪಿಸಬೇಕು. ಶನಿವಾರ ಮಧ್ಯಾಹ್ನ ತೆಗೆದು ಸೋಮವಾರ ಕೊಟ್ಟರೆ ಆ ವರದಿಗೆ ಅರ್ಥವಿಲ್ಲ.

ವರದಿ ಬಂತು. ಪಿಹೆಚ್ 5.9 (ಇರಬೇಕಾದದ್ದು 6.5ರಿಂದ 8.5), ಕಬ್ಬಿಣ 1.8 ಮಿಲಿಗ್ರಾಂ, ಗಡಸುತನ ಬಹಳ ಕಡಿಮೆ, ಫ್ಲೋರೈಡ್ ಇಲ್ಲವೆನ್ನುವಷ್ಟು, ನೈಟ್ರೇಟ್ 45ರ ಮಿತಿಗಿಂತ ಎಷ್ಟೋ ಕೆಳಗೆ. ಕೊನೆಯ ಸಾಲಿನಲ್ಲಿ ಇ. ಕೋಲಿ: ಇದೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಅದು ಒಂದೂ ಇರಬಾರದು.

ಟೇಪ್ ಹಿಡಿದು ನಿಂತಾಗ

ಬಾವಿಯ ಹತ್ತಿರ 50 ಅಡಿಯೊಳಗೆ ಮಲಗುಂಡಿ, ಹಟ್ಟಿ, ಗೊಬ್ಬರದ ರಾಶಿ ಯಾವುದೂ ಇರಬಾರದು ಎನ್ನುವುದು ಹಳೆಯ ನಿಯಮ. ನಾನು ನರ್ಸರಿಯ ಟೇಪ್ ಹಿಡಿದು ಅಳೆದೆ. ಮೊದಲು ಸಿಕ್ಕಿದ್ದು ನನ್ನದೇ ಕೋಳಿ ಗೊಬ್ಬರದ ರಾಶಿ, ಬಾವಿಯಿಂದ 28 ಅಡಿ. ಸಸಿ ತೊಟ್ಟೆಗೆ ಮಣ್ಣು ಬೆರೆಸಲಿಕ್ಕೆ ಸುಲಭವಾಗಲೆಂದು ನಾನೇ ಅಲ್ಲಿ ಹಾಕಿಸಿದ್ದು. ಎರಡನೆಯದು ಯಜಮಾನರ ಹೊಸ ಶೌಚಾಲಯದ ಗುಂಡಿ, 22 ಅಡಿ. ಅದು ಎರಡು ವರ್ಷದ ಹಿಂದೆ ಮಾಡಿದ್ದು. ಅಂದರೆ ಅಜ್ಜಿ ಐವತ್ತು ವರ್ಷ ಕುಡಿದ ನೀರು ಬೇರೆ, ಈಗಿನ ನೀರು ಬೇರೆ.

ಇದನ್ನು ಹೇಳುವುದು ಹೇಗೆ? ನಾವು ಬಂದು ಮೂರು ತಿಂಗಳಾಗಿಲ್ಲ. ಅವರ ಮನೆಯ ಗುಂಡಿ ನಮ್ಮ ಮಗುವಿನ ಹೊಟ್ಟೆ ಕೆಡಿಸಿತು ಎಂದರೆ ಯಾರಿಗಾದರೂ ತಾಗುತ್ತದೆ. ಖಾಲಿ ಮಾಡಿ ಎಂದರೆ ನಾಲ್ಕು ಸಾವಿರ ಸಸಿ ಎಲ್ಲಿಗೆ ಒಯ್ಯಲಿ? ಮನೆಯವಳು ಒಂದು ದಾರಿ ಹೇಳಿದಳು, "ಮೊದಲು ನಿಮ್ಮ ರಾಶಿ ತೆಗೀರಿ. ಆಮೇಲೆ ಮಾತಾಡಿ." ಎರಡು ದಿನ ಮಳೆಯಲ್ಲೇ ರಾಶಿಯನ್ನು ಕೆಳಗಿನ ಮೂಲೆಗೆ ಸಾಗಿಸಿ, ಕೆಳಗೂ ಮೇಲೂ ಟಾರ್ಪಾಲು ಹಾಕಿದೆ. ಯಜಮಾನರು ಕಟ್ಟೆಯಲ್ಲಿ ಕೂತು ನೋಡುತ್ತಿದ್ದರು. ಕೊನೆಗೆ ಅವರೇ ಕೇಳಿದರು, "ಎಂತಕ್ಕೆ ಇಷ್ಟು ಪಾಡು?"

ಕಪ್ಪಾದ ಬಾಟಲಿ ತಂದು ತೋರಿಸಿದೆ. ನನ್ನ ರಾಶಿಯೂ ಕಾರಣ ಇರಬಹುದು, ಅದಕ್ಕೇ ತೆಗೆದೆ ಎಂದೆ. ಗುಂಡಿಯ ವಿಷಯಕ್ಕೆ ಅವರು ಒಪ್ಪಲಿಲ್ಲ. "ಇಪ್ಪತ್ತೆರಡು ಅಡಿ ಮಣ್ಣು ಉಂಟಲ್ಲ ಮಧ್ಯೆ. ಸೋಸಿಯೇ ಬರ್ತದೆ."

"ಗುಂಡಿಗೆ ಎಷ್ಟು ರಿಂಗ್ ಇಳಿಸಿದ್ದೀರಿ ಅಣ್ಣ?"

"ಎಂಟು. ಎಂಟಡಿ."

"ಆಟಿಯಲ್ಲಿ ಬಾವಿ ನೀರು ಎಷ್ಟಕ್ಕೆ ಬರ್ತದೆ?"

"ಈಗ ನೋಡಿ ಬೇಕಾದರೆ, ಐದಡಿ ಬಗ್ಗಿದರೆ ಕೊಡಪಾನಕ್ಕೆ ಸಿಗ್ತದೆ."

ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಅಂಗಳ ಒಂದೇ ಮಟ್ಟದ್ದು. ನೆಲದಡಿಯ ನೀರು ಐದಡಿಗೆ ಏರಿದರೆ ಎಂಟಡಿ ಗುಂಡಿಯ ಕೆಳಗಿನ ಮೂರಡಿ ಆ ನೀರಿನಲ್ಲೇ ಮುಳುಗಿರುತ್ತದೆ. ಸೋಸಲಿಕ್ಕೆ ಒಣ ಮಣ್ಣು ಎಲ್ಲಿ ಉಳಿಯಿತು? ಅದರ ಮೇಲೆ ಮುರಕಲ್ಲು ತೂತುಗಳ ಕಲ್ಲು, ಬಿರುಕು ಸಿಕ್ಕಿದಲ್ಲಿ ನೀರು ಓಡುತ್ತದೆ. ಬೇಸಿಗೆಯಲ್ಲಿ ಇದೇ ಬಾವಿಯ ನೀರು 22 ಅಡಿ ಕೆಳಗಿರುತ್ತದೆ, ಆಗ ತೊಂದರೆ ಕಡಿಮೆ. ಪ್ರತಿ ಮಳೆಗಾಲ ಹೊಟ್ಟೆ ಕೆಟ್ಟು ಬೇಸಿಗೆಯಲ್ಲಿ ಸರಿಯಾಗುವ ಮನೆಗಳಲ್ಲಿ ಈ ಲೆಕ್ಕವನ್ನು ಒಮ್ಮೆ ನೋಡಬೇಕು.

"ಅಮ್ಮನಿಗೂ ಹೋದ ವರ್ಷ ಆಟಿಯಲ್ಲೇ ಭೇದಿ ಆದದ್ದು," ಎಂದರು ಯಜಮಾನರು, ನನಗಲ್ಲ, ಬಾವಿಯ ಕಡೆ ನೋಡಿ.

ಬ್ಲೀಚಿಂಗ್ ಪೌಡರ್ ಹಾಕಿ ನಾನು ಮಾಡಿದ ಎಡವಟ್ಟು

ಮಳೆಗಾಲದಲ್ಲಿ ಗುಂಡಿ ಬದಲಿಸುವ ಹಾಗಿಲ್ಲ. ಅಷ್ಟರ ತನಕ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದೆಂದು ತೀರ್ಮಾನಿಸಿದೆವು. ಲೆಕ್ಕ ಹೀಗೆ: ಬಾವಿಯ ವ್ಯಾಸವನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿದರೆ ಸುಮಾರಾಗಿ ಲೀಟರ್ ಸಿಗುತ್ತದೆ. ನಮ್ಮ ಬಾವಿ 7 ಅಡಿ ಅಗಲ, ಆಗ ನೀರು 21 ಅಡಿ ಇತ್ತು. ಅಂದರೆ 22,600 ಲೀಟರಿನಷ್ಟು. ಮೇ ತಿಂಗಳ ನಾಲ್ಕಡಿಗೆ ಲೆಕ್ಕ ಹಾಕಿದರೆ 4,300 ಮಾತ್ರ. ವರ್ಷವಿಡೀ ಒಂದೇ ಅಳತೆಯ ಪೌಡರ್ ಹಾಕುವವರು ಇದನ್ನು ಗಮನಿಸಬೇಕು.

ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಸಾಮಾನ್ಯ ಪ್ರಮಾಣ. ಕೆಟ್ಟಿದೆಯೆಂದು ಗೊತ್ತಿದ್ದರೆ ಎರಡು ಪಟ್ಟು. ನಮಗೆ 115 ಗ್ರಾಂ ಬೇಕಾಯಿತು. ಪೌಡರನ್ನು ನೇರ ಬಾವಿಗೆ ಸುರಿಯುವುದು ತಪ್ಪು. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ ತಿರುಗಿಸಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಬೇಕು. ಒಂದು ಬಕೆಟಿಗೆ 100 ಗ್ರಾಮಿಗಿಂತ ಹೆಚ್ಚು ಬೇಡ, ನಾವು ಎರಡು ಸಲ ಮಾಡಿದೆವು. ಕನಿಷ್ಠ ಒಂದು ಗಂಟೆ ಸೇದಬಾರದು, ಸಂಜೆ ಹಾಕಿ ರಾತ್ರಿ ಬಿಟ್ಟರೆ ಒಳ್ಳೆಯದು. ಕಲಸುವಾಗ ಮುಖ ದೂರ ಇರಲಿ. ತೆರೆದಿಟ್ಟ ಹಳೆಯ ಪೊಟ್ಟಣದ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದು ಗೋಡೆಗೆ ಬಳಿಯಲಿಕ್ಕೆ ಸರಿ.

ಇಷ್ಟೆಲ್ಲ ಕ್ರಮವಾಗಿ ಮಾಡಿ ಮಲಗಿದೆ. ಬೆಳಗ್ಗೆ ಆರಕ್ಕೆ ಯಜಮಾನರ ಮನೆಯಿಂದ ಕೂಗು. ಬಾವಿಯ ನೀರು ಪೂರ್ತಿ ಕಡು ಚಹಾದ ಬಣ್ಣ! "ಎಂತ ಹಾಕಿದ್ರಿ ಬಾವಿಗೆ? ಇದ್ದ ನೀರನ್ನೂ ಹಾಳು ಮಾಡಿದಿರಿ," ಎಂದು ಅಜ್ಜಿ ಬೈದರು. ನಾನೇ ಬೆವತು ಹೋದೆ.

ಆದದ್ದಿಷ್ಟು. ಕರಗಿದ್ದ ಕಬ್ಬಿಣವನ್ನು ಕ್ಲೋರಿನ್ ಒಂದೇ ರಾತ್ರಿಯಲ್ಲಿ ತುಕ್ಕಾಗಿಸಿತ್ತು. ಕಬ್ಬಿಣ ಮೊದಲು ಕ್ಲೋರಿನ್ನನ್ನು ತಿನ್ನುತ್ತದೆ, ಒಂದು ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 0.6 ಮಿಲಿಗ್ರಾಂ ಕ್ಲೋರಿನ್ ಬೇಕು. ನಮ್ಮ 115 ಗ್ರಾಮಿನ ಹೆಚ್ಚುಪಾಲು ಅದರ ಬಾಯಿಗೇ ಹೋಗಿತ್ತು. ಪಂಚಾಯಿತಿಯ ಅಕ್ಕ ಬಂದು ಪರೀಕ್ಷಿಸಿದಾಗ ಉಳಿದ ಕ್ಲೋರಿನ್ ಸೊನ್ನೆ. ಇರಬೇಕಾದದ್ದು ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ. ಅಂದರೆ ಬಣ್ಣವೂ ಕೆಟ್ಟಿತು, ಬ್ಯಾಕ್ಟೀರಿಯಾ ಸತ್ತದ್ದೂ ಖಾತ್ರಿ ಇಲ್ಲ. ಗಸಿ ತಳಕ್ಕೆ ಕೂರಲು ಎರಡು ದಿನ ಬಿಟ್ಟು, ಸಂಜೆ ಮತ್ತೊಮ್ಮೆ ಅಷ್ಟೇ ಹಾಕಿದೆವು. ಈ ಸಲ ಮರುದಿನ ಕಿಟ್ಟಿನಲ್ಲಿ ಬಣ್ಣ ಬಂತು. ಆ ಎರಡು ದಿನ ಎರಡೂ ಮನೆಗೆ ಪಂಚಾಯಿತಿಯ ನಳ್ಳಿ ಇದ್ದ ಮನೆಯಿಂದ ನೀರು ಹೊತ್ತದ್ದು ನಾನು.

ಕೆಂಪು ನೀರಿನ ಬಾವಿಯವರು ಪೌಡರ್ ಹಾಕುವ ಮೊದಲೇ ಮನೆಯವರಿಗೆಲ್ಲ ಹೇಳಿಡಿ, ಎರಡು ದಿನದ ನೀರು ತುಂಬಿಸಿಡಿ. ಕ್ಲೋರಿನ್ ಉಳಿದಿದೆಯೋ ಎಂದು ಕಿಟ್ಟಿನಲ್ಲಿ ನೋಡದೆ ಕೆಲಸ ಆಯಿತೆಂದುಕೊಳ್ಳಬೇಡಿ. ಗುಂಡಿಯಿಂದ ನೀರು ಬರುತ್ತಲೇ ಇರುವಾಗ ಒಮ್ಮೆ ಹಾಕಿದ ಪೌಡರ್ ಕೆಲವು ದಿನಕ್ಕೆ ಮಾತ್ರ. ನಾವು ಮಳೆ ಮುಗಿಯುವ ತನಕ ಕುದಿಸುವುದನ್ನು ನಿಲ್ಲಿಸಲಿಲ್ಲ.

ಒಯ್ಯುವಂಥದ್ದು, ಬಿಟ್ಟುಹೋಗುವಂಥದ್ದು

ಬಾಡಿಗೆಯವನಿಗೆ ಖರ್ಚಿನ ಪ್ರಶ್ನೆ ಬೇರೆಯೇ. ಹನ್ನೊಂದು ತಿಂಗಳ ಕರಾರಿನ ಮನೆಗೆ ಎಷ್ಟು ಸುರಿಯುವುದು? ನಾನು ಹಿಡಿದ ದಾರಿ ಇದು: ಹೋಗುವಾಗ ಹೊತ್ತುಕೊಂಡು ಹೋಗಬಹುದಾದದ್ದಕ್ಕೆ ನನ್ನ ದುಡ್ಡು, ನೆಲಕ್ಕೆ ಅಂಟಿದ್ದಕ್ಕೆ ಯಜಮಾನರದ್ದು ಅಥವಾ ಬಾಡಿಗೆಯಲ್ಲಿ ವಜಾ.

ಕಬ್ಬಿಣಕ್ಕೆ ಮಾಡಿದ್ದು ಹೊತ್ತೊಯ್ಯುವಂಥದ್ದು. ಆಹಾರ ದರ್ಜೆಯ ಎರಡು ಪ್ಲಾಸ್ಟಿಕ್ ಡ್ರಮ್ಮು. ಮೇಲಿನ ಡ್ರಮ್ಮಿಗೆ ನೀರು ಶವರಿನ ತಲೆಯಿಂದ ಮಳೆಯ ಹಾಗೆ ಬೀಳುತ್ತದೆ, ಗಾಳಿ ತಾಗಲಿ ಎಂದು. ಅದರೊಳಗೆ ತೊಳೆದು ಒಣಗಿಸಿ ಕುಟ್ಟಿದ ಮರುವಾಯಿ ಚಿಪ್ಪು. ಚಿಪ್ಪಿನ ಸುಣ್ಣದಂಶ ನೀರಿನ ಹುಳಿ ತಗ್ಗಿಸುತ್ತದೆ. ಹುಳಿ ನೀರಿನಲ್ಲಿ ಕಬ್ಬಿಣ ತುಕ್ಕಾಗುವುದು ತೀರಾ ನಿಧಾನ, ಪಿಹೆಚ್ 7ರ ಹತ್ತಿರ ಬಂದರೆ ಬೇಗ. ಕೆಳಗಿನ ಡ್ರಮ್ಮಿನಲ್ಲಿ ತಳಕ್ಕೆ ಜಲ್ಲಿ, ಮೇಲೆ ದಪ್ಪ ಮರಳು, ಅದರ ಮೇಲೆ ಒಂದೂವರೆ ಅಡಿ ಸಣ್ಣ ಮರಳು. ಎಲ್ಲವನ್ನೂ ತಿಳಿ ನೀರು ಬರುವ ತನಕ ತೊಳೆಯಬೇಕು. ಹದಿನೈದು ದಿನಕ್ಕೊಮ್ಮೆ ಮೇಲಿನ ಎರಡು ಇಂಚು ಮರಳು ತೆಗೆದು ತೊಳೆದು ಹಾಕುತ್ತೇವೆ. ಚಹಾ ಈಗ ಚಹಾದ ಬಣ್ಣದಲ್ಲೇ ಇದೆ. ಇದು ಕಬ್ಬಿಣ ತೆಗೆಯುತ್ತದೆಯೇ ಹೊರತು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಯುವಿ ದೀಪದ ಫಿಲ್ಟರ್ ಕೊಳ್ಳುವವರೂ ಮೊದಲು ಕಬ್ಬಿಣ ತೆಗೆದೇ ನೀರು ಬಿಡಬೇಕು, ಇಲ್ಲದಿದ್ದರೆ ದೀಪದ ಗಾಜಿನ ಮೇಲೆ ತುಕ್ಕು ಕಟ್ಟಿ ಬೆಳಕು ನೀರಿಗೆ ತಲುಪುವುದಿಲ್ಲ.

ನೆಲಕ್ಕೆ ಅಂಟಿದ ಕೆಲಸಗಳು ಜನವರಿಯಲ್ಲಿ ಆದವು. ಬಾವಿಕಟ್ಟೆ ಎರಡೂವರೆ ಅಡಿಗೆ ಏರಿತು. ಸುತ್ತ ಮೂರಡಿ ಸಿಮೆಂಟು, ಚೆಲ್ಲಿದ ನೀರು ಬಾವಿಗೆ ಹಿಂದೆ ಹೋಗದ ಹಾಗೆ ಹೊರಗಿಳಿಜಾರು. ಮೇಲೆ ಬಲೆ. ಫೆಬ್ರವರಿಯಲ್ಲಿ ಯಜಮಾನರು ಹೊಸ ಗುಂಡಿಯನ್ನು ತೋಟದ ಇಳಿಜಾರಿನಲ್ಲಿ, ಬಾವಿಯಿಂದ 70 ಅಡಿ ಕೆಳಗೆ ತೋಡಿಸಿದರು, ಆಳ ಐದೇ ಅಡಿ. ಹಳೆಯದನ್ನು ಖಾಲಿ ಮಾಡಿಸಿ ಸುಣ್ಣ ಹಾಕಿ ಮಣ್ಣು ಮುಚ್ಚಿದರು. ಸಿಮೆಂಟಿನ ಅರ್ಧ ಖರ್ಚು ನಾನು ಕೊಟ್ಟೆ, ಅದು ನಾಲ್ಕು ತಿಂಗಳ ಬಾಡಿಗೆಯಲ್ಲಿ ವಜಾ. ಹೊಸ ಕರಾರಿನಲ್ಲಿ ಅದನ್ನು ಒಂದು ಸಾಲು ಬರೆದುಕೊಂಡೆವು. ಬಾಯಿಮಾತು ಸಾಕಿತ್ತು ಎಂದು ಅವರಿಗೆ ಸ್ವಲ್ಪ ಬೇಸರ, ಆದರೂ ಸಹಿ ಹಾಕಿದರು.

ಮನೆ ಬಾಡಿಗೆಗೆ ಕೊಟ್ಟವರೂ ಇದನ್ನು ಓದುತ್ತೀರಿ. ತೋಟದ ಕೆಲಸದವರಿಗೆ ಲೈನ್ ಮನೆ ಕಟ್ಟಿ ಕೊಟ್ಟವರು ಬಹಳ ಮಂದಿ ಇದ್ದೀರಿ. ಆ ಮನೆಗಳ ಬಾವಿಗೂ ಒಂದು ಟೇಪ್ ಹಿಡಿಯಿರಿ. ಅಲ್ಲಿ ಮಗುವಿಗೆ ಭೇದಿಯಾದರೆ ಅವರು ನಿಮಗೆ ಬಂದು ಹೇಳುವುದಿಲ್ಲ.

ಬಯಲುಸೀಮೆಯವರಿಗೆ ಒಂದು ಮಾತು

ಮೇಲೆ ಬರೆದದ್ದು ಮಳೆ ಹೆಚ್ಚಿರುವ ಕಡೆಯ ತೆರೆದ ಬಾವಿಯ ಕತೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ಮನೆ ಹಿಡಿಯುವವರಿಗೆ ತೊಂದರೆ ಬೇರೆ. ಅಲ್ಲಿ ಮುಖ್ಯ ಭಯ ಫ್ಲೋರೈಡ್. ಅದಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ಕುದಿಸಿದರೆ ಕಡಿಮೆಯಾಗುವ ಬದಲು ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ನೈಟ್ರೇಟ್, ಉಪ್ಪು ಕೂಡ ಹಾಗೆಯೇ. ಅಲ್ಲಿ ಆರ್‌ಒ ಬೇಕಾಗಬಹುದು, ನಾನು ವಾಪಸು ಕಳಿಸಿದ ಹುಡುಗನಿಗೆ ಅಲ್ಲಿ ಕೆಲಸ ಇದೆ. ಮನೆಗೇ ಹಾಕಿಸುವ ಮೊದಲು ಊರಿನ ಶುದ್ಧ ಕುಡಿಯುವ ನೀರಿನ ಘಟಕ ನಡೆಯುತ್ತಿದೆಯೋ ನೋಡಿ. ಆ ಕ್ಯಾನ್ ನೀರು ಕುಡಿಯಲಿಕ್ಕೆ ಮಾತ್ರವಲ್ಲ, ಅನ್ನ, ಸಾರು, ಮುದ್ದೆಗೂ ಬಳಸಬೇಕು, ಇಲ್ಲದಿದ್ದರೆ ಫ್ಲೋರೈಡ್ ತಟ್ಟೆಯ ದಾರಿಯಲ್ಲಿ ಬರುತ್ತದೆ. ಬಚ್ಚಲಿನ ಹಂಡೆಯ ತಳದ ಬಿಳಿ ಹಕ್ಕಳೆ ಗಡಸುತನದ್ದು, ಅದನ್ನು ಫ್ಲೋರೈಡ್ ಎಂದು ತಿಳಿಯಬೇಡಿ.

ಯಾವ ಸೀಮೆಯಾದರೂ ಅಡ್ವಾನ್ಸ್ ಕೊಡುವ ಮೊದಲು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: "ನೀವು ಕುಡಿಯಲಿಕ್ಕೆ ನೀರು ಎಲ್ಲಿಂದ ತರುತ್ತೀರಿ?" ಅವರು ಬಾವಿ ಬಿಟ್ಟು ಬೇರೆ ಕಡೆ ಕೈ ತೋರಿಸಿದರೆ ಕಾರಣವನ್ನೂ ಕೇಳಿ. ಬಾವಿಕಟ್ಟೆಯ ಹತ್ತಿರ ನಿಂತು ಸುತ್ತ ಕಣ್ಣಾಡಿಸಿ ಗುಂಡಿ ಎಲ್ಲಿದೆ ಎಂದು ವಿಚಾರಿಸಿ. ನಾನು ಕೇಳಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಮಾರ್ಚ್‌ನಲ್ಲಿ ನೀರನ್ನು ಮತ್ತೆ ಪ್ರಯೋಗಾಲಯಕ್ಕೆ ಕೊಟ್ಟೆವು. ಇ. ಕೋಲಿ ಇಲ್ಲ ಎಂದು ಬಂತು. ಆದರೆ ಅದು ಬೇಸಿಗೆಯ ವರದಿ, ನೀರು ಕೆಳಗಿದ್ದಾಗಿನದ್ದು. ಈಗ ಮಳೆ ಹಿಡಿದಿದೆ, ಬಾವಿ ದಿನಕ್ಕೆ ಅರ್ಧ ಅಡಿಯಂತೆ ಏರುತ್ತಿದೆ. ಆಟಿಯಲ್ಲಿ ಏನು ಬರುತ್ತದೋ ನೋಡಬೇಕು. ಅಷ್ಟರ ತನಕ ಎರಡೂ ಮನೆಯಲ್ಲಿ ನೀರು ಕುದಿಯುತ್ತಿದೆ. ಪಂಚಾಯಿತಿಯ ಅಕ್ಕನ ಹತ್ತಿರ ಎರಡು ಬಾಟಲಿ ಕೇಳಿಟ್ಟಿದ್ದೇನೆ. ಒಂದು ನಮಗೆ, ಒಂದು ತನಗೆ ಬೇಕೆಂದು ಅಜ್ಜಿಯೇ ಹೇಳಿ ಕಳಿಸಿದ್ದಾರೆ.